ಫಾರ್ಮ್ಯಾಟ್ ಹೊಡೆಯುವ ಮುನ್ನ

“ಇದರ ಹಿಂದೆ ಬಿದ್ರೆ ಟೈಮ್ ವೇಸ್ಟು ಸಾರ್. ಫಾರ್ಮ್ಯಾಟ್ ಹೊಡ್ದು ಇಟ್ಟಿರ್ತೀನಿ, ಸಂಜೆ ಬನ್ನಿ.”

ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವ ಹುಡುಗನಲ್ಲಿ ಮೋಸವಿಲ್ಲ. ಫಾರ್ಮ್ಯಾಟಿಗೆ ಇಷ್ಟೆಂದು ದರವಿದೆ, ಇಷ್ಟು ಹೊತ್ತೆಂದು ಲೆಕ್ಕವಿದೆ. ವಿಂಡೋಸ್ ಅಪ್‌ಗ್ರೇಡ್ ಅರ್ಧದಲ್ಲಿ ನಿಂತದ್ದೇಕೆ ಎಂದು ಹುಡುಕುವ ಕೆಲಸಕ್ಕೆ ಎರಡೂ ಇಲ್ಲ. ಫೋಟೊಗಳೆಲ್ಲ ಫೋನಿನಲ್ಲಿರುವ, ಕಂಪ್ಯೂಟರನ್ನು ಯೂಟ್ಯೂಬಿಗಷ್ಟೇ ತೆರೆಯುವ ಮನೆಗಾದರೆ ಅವನ ಮಾತು ಸರಿಯೇ. ಅದೇ ಮಾತನ್ನು ವಿಜಯನಗರದ ಡಿಟಿಪಿ ಅಂಗಡಿಯಲ್ಲೋ, ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕ್ರಯಪತ್ರ ಟೈಪ್ ಮಾಡಿಕೊಡುವವರ ಮೇಜಿನ ಬಳಿಯೋ ಆಡಿದರೆ, ಅದು ನೆಗಡಿ ಬಂತೆಂದು ಮೂಗು ಕೊಯ್ಯುವ ಚಿಕಿತ್ಸೆ. ಅಲ್ಲಿ ಕಂಪ್ಯೂಟರ್ ಎಂದರೆ ವಿಂಡೋಸ್ ಒಂದೇ ಅಲ್ಲ. ಇಪ್ಪತ್ತು ವರ್ಷಗಳಿಂದ ಪದರ ಪದರವಾಗಿ ಕೂಡಿಬಂದ ಕನ್ನಡದ ಏರ್ಪಾಡು ಆ ಸಿಪಿಯು ಡಬ್ಬಿಯೊಳಗಿದೆ. ಒಮ್ಮೆ ಅಳಿಸಿದರೆ ಅದನ್ನು ಮತ್ತೆ ಜೋಡಿಸಿಕೊಡುವವರು ಸುಲಭಕ್ಕೆ ಸಿಗುವುದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಂದ ಆವೃತ್ತಿ ಅದು, ಹತ್ತು ವರ್ಷ ದುಡಿದಿದೆ. ಹಿಂದೆ ಎಕ್ಸ್‌ಪಿಗೂ (2014ರ ಏಪ್ರಿಲ್ 8), ವಿಂಡೋಸ್ 7ಕ್ಕೂ (2020ರ ಜನವರಿ 14) ಹೀಗೇ ಗಡುವು ಬಂದಿತ್ತು. ಆಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಕಂಪ್ಯೂಟರೇ ಪರದೆ ತುಂಬ ನೋಟಿಸು ಹಾಕಿತು. ಅದೂ ಯಾವಾಗ? ರಾಜ್ಯೋತ್ಸವಕ್ಕೆ ಇನ್ನೆರಡು ವಾರ ಇರುವಾಗ. ಬಡಾವಣೆಗೊಂದರಂತೆ ಕನ್ನಡ ಸಂಘಗಳ ಆಹ್ವಾನ ಪತ್ರಿಕೆ, ಬ್ಯಾನರು, ಸನ್ಮಾನಪತ್ರ, ಸ್ಮರಣ ಸಂಚಿಕೆ. ಜೊತೆಗೆ ದೀಪಾವಳಿ ಮುಗಿದೊಡನೆ ಶುರುವಾಗುವ ಮದುವೆಗಳ ಲಗ್ನಪತ್ರಿಕೆ. ಡಿಟಿಪಿ ಅಂಗಡಿಯವರು ಊಟಕ್ಕೂ ಏಳದ ಹದಿನೈದು ದಿನ ಅವು. ಆ ಗಡಿಬಿಡಿಯಲ್ಲಿ ನೋಟಿಸಿನ ಕಾಟ ತಾಳದೆ ‘ಸರಿ’ ಒತ್ತಿದವರ ಪಾಡು ಯೋಚಿಸಿ.

ಅಂಗಡಿಯೊಳಗೆ ಏನಿರುತ್ತದೆ ಎಂದು ನೋಡೋಣ. ರಾಜಾಜಿನಗರದ ಕೈಗಾರಿಕಾ ಪ್ರದೇಶ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಕಡೆ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಕೈಗೆ ಕೀಲಿಮಣೆ ಬಂದ ಕಾಲದ ಸಾಮಾನುಗಳು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಸರ್ಕಾರ ಉಚಿತವಾಗಿ ಹಂಚಿತು. ನುಡಿಯ ಕೀಲಿಮಣೆಯ ಹಿಂದೆ ಇದ್ದದ್ದು ಕೆ.ಪಿ. ರಾವ್ ಅವರ ವಿನ್ಯಾಸ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಜಾಣ್ಮೆ ಅದು. ಇಂದಿಗೂ ಸಾವಿರಾರು ಬೆರಳುಗಳಿಗೆ ಬೇರೆ ದಾರಿ ಗೊತ್ತಿಲ್ಲ. ಹಣವಿದ್ದ ಅಂಗಡಿಯವರು ಪುಣೆಯ ಶ್ರೀಲಿಪಿಯನ್ನು ಕೊಂಡರು, ಅದರ ಜೊತೆ ಡಾಂಗಲ್ ಎಂಬ ಬೀಗವೂ ಬಂತು. ಪುಟ ಕಟ್ಟಲು 2001ರ ಪೇಜ್‌ಮೇಕರ್ 7, ಲಗ್ನಪತ್ರಿಕೆಗೆ ಕೋರೆಲ್ ಡ್ರಾ, ಫೋಟೊ ತಿದ್ದಲು ಹಳೆಯ ಫೋಟೊಶಾಪು.

ಇವರು ಹಳತಿಗೆ ಅಂಟಿಕೊಂಡದ್ದು ಸೋಮಾರಿತನದಿಂದ ಎನ್ನುವ ತಂತ್ರಜ್ಞರನ್ನು ನಾನು ಒಪ್ಪುವುದಿಲ್ಲ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಕೂಡ ಬಂತು. ಆದರೆ ಪೇಜ್‌ಮೇಕರಿನಲ್ಲಿ ಯುನಿಕೋಡ್ ಕನ್ನಡ ಕೊನೆಯವರೆಗೂ ಕೂರಲಿಲ್ಲ. ಅಡೋಬಿ ಆ ತಂತ್ರಾಂಶವನ್ನು 7ಕ್ಕೇ ನಿಲ್ಲಿಸಿತು. ಅದರ ಬದಲಿಗೆ ತಂದ ಇನ್‌ಡಿಸೈನ್ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಅಷ್ಟು ದಿನ ಊರಿನ ಮದುವೆಗಳನ್ನು ನಿಲ್ಲಿಸಲು ಆಗುತ್ತಿತ್ತೇ? ಇದ್ದುದರಲ್ಲಿ ದಾರಿ ಮಾಡಿಕೊಂಡರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನಿಟ್ಟ, ಎಲ್ಲರೂ ಆಸ್ಕಿ ಎಂದು ಕರೆಯುವ ಫಾಂಟುಗಳೇ ಆ ದಾರಿ. ನುಡಿಯ ಆಸ್ಕಿ ಫಾಂಟಿನಲ್ಲಿ ‘ಕ’ ಬರೆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಗೀರಿರುವ ಒಂದು ಎ. ‘ನ’ ಬರೆದರೆ ಬ್ರಿಟಿಷ್ ಪೌಂಡಿನ ಚಿಹ್ನೆ. ಫಾಂಟು ಇರುವವರೆಗೆ ಕನ್ನಡ. ಫಾಂಟು ಹೋದ ಮರುಕ್ಷಣ ವಧೂವರರ ಹೆಸರಿನ ತುಂಬ ಪೌಂಡುಗಳು.

ಅಪ್‌ಗ್ರೇಡಿಗೆ ಎರಡು ಬಗೆಯ ಸೋಲಿದೆ. ಒಂದು, ಅದು ನಡೆಯುವುದೇ ಇಲ್ಲ. ಇನ್ನೊಂದು, ಪೂರ್ತಿ ಯಶಸ್ವಿಯಾಗಿ ನಡೆದು ಕನ್ನಡವನ್ನು ತಿಂದುಹಾಕುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಆದರೆ ಜನ ರಿಪೇರಿಗೆ ಓಡುವುದು ಮೊದಲನೆಯದಕ್ಕೆ.

ಹೊಸ್ತಿಲಲ್ಲೇ ನಿಂತದ್ದು

ವಿಂಡೋಸ್ 11 ಹೊಸ್ತಿಲಲ್ಲೇ ಕೆಲವು ಕಾಗದ ಕೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್, ಅಂದರೆ 2017ರ ಕೊನೆಯಿಂದ ಈಚಿನದು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು. ಹಳೆಯ ಬಯೋಸ್ ಬದಲು ಯುಇಎಫ್‌ಐ. 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್. ಟಿಪಿಎಂ ಅನೇಕ ಬೋರ್ಡುಗಳಲ್ಲಿ ಇದ್ದೂ ಮಲಗಿರುತ್ತದೆ. ಬಯೋಸ್ ಪರದೆಯಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಸಾಲನ್ನು ಹುಡುಕಿ ಎಬ್ಬಿಸಿದರೆ ಆಯಿತು. “ನಿಮ್ದು ಸಪೋರ್ಟ್ ಮಾಡಲ್ಲ, ಹೊಸದು ತಗೊಳ್ಳಿ” ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನು ಕೇಳಿ.

ನಮ್ಮ ಕಡೆಯ ಕಂಪ್ಯೂಟರುಗಳು ಎಡವುವ ವಿಶೇಷ ಕಲ್ಲೊಂದಿದೆ: ಸಿ, ಡಿ, ಇ, ಎಫ್. ಡಿಸ್ಕನ್ನು ನಾಲ್ಕು ಹೋಳು ಮಾಡಿ ಕೊಡುವುದು ಇಲ್ಲಿಯ ಅಸೆಂಬಲ್ ಅಂಗಡಿಗಳ ಬಹುಕಾಲದ ಪದ್ಧತಿ. ಸಿಯಲ್ಲಿ ವಿಂಡೋಸ್, ಡಿಯಲ್ಲಿ ಕಸ್ಟಮರ್ ಫೈಲು, ಇಯಲ್ಲಿ ಮದುವೆ, ಎಫ್‌ನಲ್ಲಿ ಹಾಡು ಮತ್ತು ಅಣ್ಣಾವ್ರ ಸಿನಿಮಾ. ಬಯೋಸಿನಿಂದ ಯುಇಎಫ್‌ಐಗೆ ಹೋಗಬೇಕಾದರೆ ಡಿಸ್ಕಿನ ನಕ್ಷೆ ಎಂಬಿಆರ್ ಮಾದರಿಯಿಂದ ಜಿಪಿಟಿಗೆ ಬದಲಾಗಬೇಕು. ಒಳಗಿನದನ್ನು ಅಳಿಸದೆ ಬದಲಿಸುವ ಉಪಕರಣ ವಿಂಡೋಸ್ 10ರ ಒಳಗೇ ಇದೆ, ಎಂಬಿಆರ್‌2ಜಿಪಿಟಿ ಎಂದು ಅದರ ಹೆಸರು. ಆದರೆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಹೋಳುಗಳಿದ್ದರೆ, ಅಥವಾ ಒಂದು ಹೋಳಿನ ಒಳಗೆ ಮತ್ತೆ ಹೋಳು ಮಾಡಿದ್ದರೆ ಅದು ಕೈ ಚೆಲ್ಲುತ್ತದೆ. ನಮ್ಮ ಡಿ, ಇ, ಎಫ್‌ಗಳು ಸಾಮಾನ್ಯವಾಗಿ ಹೀಗೇ ಒಳಹೋಳುಗಳು. ಇದನ್ನು ನೋಡದೆ ಬಯೋಸಿನಲ್ಲಿ ಮಾತ್ರ ಯುಇಎಫ್‌ಐ ಮಾಡಿದರೆ ಕಂಪ್ಯೂಟರ್ ತನ್ನ ಡಿಸ್ಕನ್ನೇ ಗುರುತಿಸದೆ ಕಪ್ಪು ಪರದೆ ತೋರಿಸುತ್ತದೆ. ಡಿಸ್ಕ್ ಸತ್ತಿತೆಂದು ಗಾಬರಿಬಿದ್ದು ಫಾರ್ಮ್ಯಾಟಿಗೆ ಕೊಡುವವರಿದ್ದಾರೆ. ಸೆಟ್ಟಿಂಗನ್ನು ಹಳೆಯ ಲೆಗಸಿ ಮೋಡಿಗೆ ತಿರುಗಿಸಿದರೆ ಹಳೆಯ ವಿಂಡೋಸ್ ಏನೂ ಆಗದಂತೆ ಎದ್ದು ಕೂರುತ್ತದೆ.

ಅಡ್ಡದಾರಿಯೂ ಉಂಟು. ತಪಾಸಣೆಯನ್ನೇ ತಪ್ಪಿಸುವಂತೆ ಪೆನ್‌ಡ್ರೈವ್ ತಯಾರಿಸುವ ವಿದ್ಯೆ ರಿಪೇರಿ ಹುಡುಗರಿಗೆಲ್ಲ ಗೊತ್ತು. ಹಾಗೆ ಹಾಕಿದ ವಿಂಡೋಸ್ 11 ನಡೆಯುತ್ತದೆ, ಆದರೆ ಮುಂದೆ ಅಪ್‌ಡೇಟ್ ಬರುವ ಖಾತರಿ ಇಲ್ಲ ಎಂದು ಕಂಪನಿ ಮೊದಲೇ ಹೇಳಿಬಿಟ್ಟಿದೆ. ಕೋರ್ 2 ಡ್ಯುಯೊ ಕಾಲದ ಯಂತ್ರಗಳಿಗೆ ಆ ಅಡ್ಡದಾರಿಯೂ 2024ರಲ್ಲಿ ಮುಚ್ಚಿತು. ಆ ವರ್ಷದ 24ಎಚ್2 ಆವೃತ್ತಿಗೆ ಬೇಕಾದ ಕೆಲವು ಆದೇಶಗಳು ಆ ಪ್ರೊಸೆಸರುಗಳಿಗೆ ಗೊತ್ತೇ ಇಲ್ಲ. ಅವು ಬೂಟ್ ಆಗುವುದೇ ಇಲ್ಲ.

32 ಬಿಟ್ ವಿಂಡೋಸ್ ಇಟ್ಟುಕೊಂಡವರದ್ದು ಬೇರೆ ಕತೆ. ಹಳೆಯ 16 ಬಿಟ್ ಪ್ರೋಗ್ರಾಮುಗಳಿಗೂ ಹಳೆಯ ಡಾಂಗಲ್ ಡ್ರೈವರಿಗೂ ಬೇಕೆಂದು ಅನೇಕರು ಬೇಕೆಂತಲೇ 32 ಬಿಟ್ ಉಳಿಸಿಕೊಂಡಿದ್ದರು. ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ. 32ರಿಂದ 64ಕ್ಕೆ ಇದ್ದಲ್ಲೇ ಏರುವ ಮೆಟ್ಟಿಲು ಮೈಕ್ರೋಸಾಫ್ಟ್ ಕಟ್ಟಿಲ್ಲ. ಅಲ್ಲಿ ಅಪ್‌ಗ್ರೇಡ್ ಎನ್ನುವ ಪದವೇ ಸಲ್ಲದು, ಹೊಸದಾಗಿ ಹಾಕಬೇಕು.

ನಡುದಾರಿಯಲ್ಲಿ ನಿಂತದ್ದು

ಹೊಸ್ತಿಲು ದಾಟಿ ಒಳಗೆ ಹೋದದ್ದು ಎಲ್ಲೋ ನಿಂತು, “ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ” ಎಂದು ಹೇಳಿ ಹಳೆಯ ವಿಂಡೋಸಿಗೇ ಮರಳಿತು ಎನ್ನಿ. ಆಗ ಪರದೆಯ ಮೇಲೆ ಉದ್ದನೆಯ ಸಂಖ್ಯೆಯೊಂದು ಬರುತ್ತದೆ. ನೂರಕ್ಕೆ ತೊಂಬತ್ತು ಮಂದಿ ಅದನ್ನು ಓದದೆ ಮುಚ್ಚುತ್ತಾರೆ. ಓದಬೇಕಾದದ್ದು ಅದೇ! ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಂಡರೂ ಸಾಕು.

ಸಂಖ್ಯೆಯಲ್ಲಿ ಎರಡು ತುಂಡು. ಮೊದಲ ತುಂಡು ಏನಾಯಿತೆಂದು ಹೇಳುತ್ತದೆ, ಎರಡನೆಯದು ಎಲ್ಲಿ ಆಯಿತೆಂದು. ಉದಾಹರಣೆಗೆ ಮೊದಲ ತುಂಡಿನಲ್ಲಿ ಸಿ1900101 ಎಂದಿದ್ದರೆ ಯಾವುದೋ ಡ್ರೈವರ್ ತಂಟೆ ಮಾಡಿದೆ. ಸಿ1900208 ಆದರೆ ಹೊಂದದ ತಂತ್ರಾಂಶವೊಂದು ದಾರಿಗಡ್ಡ ಕೂತಿದೆ. 80070070 ಆದರೆ ಜಾಗ ಸಾಲದು. ಎರಡನೆಯ ತುಂಡಿನಲ್ಲಿ ಎಕ್ಸ್ ಅಕ್ಷರದ ನಂತರದ ಮೊದಲ ಅಂಕಿ ನೋಡಿ. 1 ಇದ್ದರೆ ಇನ್ನೂ ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಸೋತಿದೆ. 2 ಆದರೆ ಮೊದಲ ರೀಸ್ಟಾರ್ಟಿನ ಬಳಿಕ, ಹಳತೂ ಅಲ್ಲದ ಹೊಸತೂ ಅಲ್ಲದ ನಡುಮನೆಯಲ್ಲಿ. 3 ಆದರೆ ಹೊಸ ವಿಂಡೋಸ್ ಮೊದಲ ಸಲ ಕಣ್ಣು ಬಿಟ್ಟಾಗ, 4 ಆದರೆ ಎರಡನೆಯ ಸಲ ಎದ್ದು ನಮ್ಮ ಫೈಲು, ಸೆಟ್ಟಿಂಗುಗಳನ್ನು ಒಳಗೆ ತರುವಾಗ. ಇಷ್ಟು ಗೊತ್ತಾದರೆ ಅರ್ಧ ಪತ್ತೇದಾರಿ ಮುಗಿಯಿತು. ಉಳಿದರ್ಧ ಸಿ ಡ್ರೈವಿನಲ್ಲಿ ಅಡಗಿಸಿಟ್ಟ ‘ಪ್ಯಾಂಥರ್’ ಎಂಬ ಫೋಲ್ಡರಿನ ಲಾಗ್ ಫೈಲುಗಳಲ್ಲಿ ಇರುತ್ತದೆ. ಅವನ್ನು ಓದಿ ಸಾರಾಂಶ ಹೇಳಲು ಮೈಕ್ರೋಸಾಫ್ಟಿನದೇ ಸೆಟಪ್‌ಡಯಾಗ್ ಎಂಬ ಸಣ್ಣ ಪ್ರೋಗ್ರಾಮಿದೆ, ಉಚಿತ. ರಿಪೇರಿ ಅಂಗಡಿಗಳಲ್ಲಿ ಅದನ್ನು ಬಳಸುವವರು ವಿರಳ. ಬಳಸುವವರು ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ.

ಡಿಟಿಪಿ ಅಂಗಡಿಯಲ್ಲಿ ಡ್ರೈವರ್ ತಂಟೆ ಎಂದರೆ ಮೊದಲ ಅನುಮಾನ ಯುಎಸ್‌ಬಿಗೆ ಸಿಕ್ಕಿಸಿದ ಡಾಂಗಲಿನ ಮೇಲೆ, ಆಮೇಲೆ ಹಳೆಯ ಲೇಸರ್ ಪ್ರಿಂಟರು, ಸ್ಕ್ಯಾನರು, ಗಿರಾಕಿಗಳು ಮರೆತುಹೋದ ಪೆನ್‌ಡ್ರೈವುಗಳ ಮೇಲೆ. ಕೀಬೋರ್ಡ್, ಮೌಸು, ಮಾನಿಟರ್ ಬಿಟ್ಟು ಎಲ್ಲವನ್ನೂ ಕಿತ್ತು, ಆಂಟಿವೈರಸ್ಸನ್ನು ಸುಮ್ಮನೆ ಆಫ್ ಮಾಡುವ ಬದಲು ಪೂರ್ತಿ ತೆಗೆದು, ಸಿ ಡ್ರೈವಿನಲ್ಲಿ ಮೂವತ್ತು ನಲವತ್ತು ಜಿಬಿ ಖಾಲಿ ಮಾಡಿಕೊಂಡು ಮತ್ತೆ ಓಡಿಸಿದರೆ ಬಹಳಷ್ಟು ಕೇಸುಗಳು ಅಲ್ಲೇ ಇತ್ಯರ್ಥ. ಬೆಸ್ಕಾಂನ ‘ನಾಳೆ ವಿದ್ಯುತ್ ವ್ಯತ್ಯಯ’ ಸುದ್ದಿಯಲ್ಲಿ ನಿಮ್ಮ ಬಡಾವಣೆಯ ಹೆಸರಿದೆಯೇ ಎಂದೂ ನೋಡಿಕೊಳ್ಳಿ. ಅಪ್‌ಗ್ರೇಡ್ ನಡುವೆ ಕರೆಂಟು ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಕ್ಕೆ ಸರಿದು ಬದುಕಿಕೊಳ್ಳುತ್ತದೆ, ಬಯೋಸ್ ಅಪ್‌ಡೇಟ್ ನಡುವೆ ಹೋದರೆ ಬೋರ್ಡೇ ಹೋದೀತು.

ಇನ್ನೊಂದು ದೋಷ ನನಗೆ ಬಹಳ ಸ್ವಾರಸ್ಯವೆನಿಸುತ್ತದೆ. “ಸಿಸ್ಟಂ ರಿಸರ್ವ್‌ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ” ಎಂದು ಬರುತ್ತದೆ. ಡಿಸ್ಕಿನ ತಲೆಯಲ್ಲಿ ಕಣ್ಣಿಗೆ ಕಾಣದ ಸುಮಾರು 100 ಎಂಬಿಯ ಹೋಳೊಂದಿದೆ, ಕಂಪ್ಯೂಟರ್ ಎದ್ದೇಳಲು ಬೇಕಾದ ಸಾಮಾನು ಅಲ್ಲಿರುತ್ತದೆ. ಅದು ಭರ್ತಿಯಾದರೆ ಅಪ್‌ಗ್ರೇಡ್ ನಿಲ್ಲುತ್ತದೆ. ಪರಿಹಾರವೆಂದು ಮೈಕ್ರೋಸಾಫ್ಟೇ ಹೇಳಿರುವುದು ಅಲ್ಲಿರುವ ಫಾಂಟುಗಳನ್ನು ಅಳಿಸಿ ಜಾಗ ಮಾಡಿಕೊಳ್ಳಿ ಎಂದು. ಯಾವ ಫಾಂಟುಗಳು? ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ಏನಾದರೂ ಹೇಳಬೇಕಾದರೆ ಚೀನಿ, ಜಪಾನಿ, ಕೊರಿಯನ್ ಭಾಷೆಗಳಲ್ಲಿ ಹೇಳಲು ಬೇಕಾದ ಅಕ್ಷರಗಳು. ಕನ್ನಡ ಅಲ್ಲಿಲ್ಲ, ಹಾಗಾಗಿ ಬಸವೇಶ್ವರನಗರದಲ್ಲಿ ಕೂತು ಅವನ್ನು ಅಳಿಸಲು ಯಾರೂ ಹಿಂದೆಮುಂದೆ ನೋಡಬೇಕಿಲ್ಲ. ಅಳಿಸುವ ಕೈ ಮಾತ್ರ ಪಳಗಿದ್ದಿರಲಿ. ಅದೇ ಹೋಳಿನಲ್ಲಿ ಬೇರೇನಾದರೂ ಅಳಿಸಿದರೆ ಕಂಪ್ಯೂಟರ್ ಏಳುವುದೇ ಇಲ್ಲ.

ಗಡುವಿನ ದಿನವೇ ಇನ್ನೊಂದು ಎಡವಟ್ಟಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಹಾಕಿಕೊಂಡವರಿಗೆ, ಕಂಪ್ಯೂಟರ್ ಕೆಟ್ಟಾಗ ತೆರೆದುಕೊಳ್ಳುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಕೆಲಸ ಮಾಡದಾದವು. ‘ಸರಿಪಡಿಸು’ ಎಂಬ ಆಯ್ಕೆ ಕಣ್ಣೆದುರೇ ಇದೆ, ಒತ್ತಲು ಆಗುವುದಿಲ್ಲ. ಪರಿಹಾರದ ಅಪ್‌ಡೇಟ್ ಬಂದದ್ದು 20ನೇ ತಾರೀಖು, ಇಲ್ಲಿ ನರಕ ಚತುರ್ದಶಿ. ಆ ವಾರ ಕೆಲಸಕ್ಕೆ ಬಂದದ್ದು, ಬೋರ್ಡಿನಲ್ಲಿ ಹಳೆಯ ದುಂಡು ಕಿಂಡಿ ಇದ್ದವರಿಗೆ, ಅಟ್ಟದ ಮೇಲೆ ಎಸೆದಿದ್ದ ದುಂಡು ಪಿನ್ನಿನ ಪಿಎಸ್2 ಕೀಬೋರ್ಡು.

ಎಲ್ಲ ಸರಿಯಾಯಿತು, ಕನ್ನಡವೊಂದಿಲ್ಲ

ಈಗ ಎರಡನೆಯ ಬಗೆಯ ಸೋಲು. ಅಪ್‌ಗ್ರೇಡ್ ನೂರಕ್ಕೆ ನೂರು ಮುಗಿದಿದೆ. ಹೊಸ ವಾಲ್‌ಪೇಪರ್ ಬಂದಿದೆ. ಫೈಲ್ ತೆರೆದರೆ ಪೌಂಡುಗಳು.

ಗಾಬರಿಯಾಗುವ ಮುನ್ನ ಎರಡು ಮೂರು ಕಡೆ ನೋಡಬೇಕು. ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಎಂದರೆ ಹಿಂದೆಲ್ಲ ಅದು ಇಡೀ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿತ್ತು. 2018ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ಅದು ಲಾಗಿನ್ ಆದವರಿಗೆ ಮಾತ್ರ ಹಾಕಿಕೊಳ್ಳುತ್ತದೆ. ಪೇಜ್‌ಮೇಕರ್, ಹಳೆಯ ಕೋರೆಲ್ ಇಂಥವಕ್ಕೆ ಆ ಹೊಸ ಜಾಗ ಕಾಣುವುದೇ ಇಲ್ಲ. ‘ಫಾಂಟ್ ಹಾಕಿದೀನಿ, ಲಿಸ್ಟಲ್ಲಿ ಬರ್ತಿಲ್ಲ’ ಎಂಬ ಗೋಳಿಗೆ ಬಹುಪಾಲು ಕಾರಣ ಇಷ್ಟೇ. ‘ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡು’ ಎಂಬ ಪಕ್ಕದ ಸಾಲನ್ನು ಒತ್ತಿ ಹಾಕಿದರೆ ಬಂದುಬಿಡುತ್ತವೆ.

ತುಂಗಾ ಕಾಣೆಯಾದದ್ದಕ್ಕೆ ಬೇರೆ ಕಾರಣ. ವಿಂಡೋಸ್ 10ರಿಂದ ಅದನ್ನು ಮುಖ್ಯ ಪಟ್ಟಿಯಿಂದ ಇಳಿಸಿ ‘ಕನ್ನಡ ಪೂರಕ ಫಾಂಟುಗಳು’ ಎಂಬ ಐಚ್ಛಿಕ ಪೊಟ್ಟಣಕ್ಕೆ ಸೇರಿಸಿದರು. ಆ ಜಾಗದಲ್ಲಿ ನಿರ್ಮಲಾ ಯುಐ ಕೂತಿತು. ಅಳತೆ ಬೇರೆಯಾದ್ದರಿಂದ ಹಳೆಯ ವರ್ಡ್ ಫೈಲುಗಳಲ್ಲಿ ಸಾಲುಗಳು ಮುರಿಯುತ್ತವೆ, ಎರಡು ಪುಟದ ಅರ್ಜಿ ಮೂರು ಪುಟವಾಗುತ್ತದೆ. ಸೆಟ್ಟಿಂಗಿನ ಐಚ್ಛಿಕ ಸೌಲಭ್ಯಗಳಲ್ಲಿ ಹುಡುಕಿದರೆ ತುಂಗಾ ಮರಳಿ ಸಿಗುತ್ತದೆ.

ಇನ್ನೊಂದು, ಕನ್ನಡಕ್ಕೆ ಒಳ್ಳೆಯದಾಗಲಿ ಎಂದು ಮಾಡುವ ಕಿತಾಪತಿ. ಭಾಷೆಯ ಸೆಟ್ಟಿಂಗಿನ ಆಳದಲ್ಲಿ, ‘ಜಗತ್ತಿನ ಭಾಷೆಗಳಿಗಾಗಿ ಯುನಿಕೋಡ್ ಯುಟಿಎಫ್-8 ಬಳಸು’ ಎಂಬ ಚೌಕವಿದೆ, ಪಕ್ಕದಲ್ಲಿ ‘ಬೀಟಾ’ ಎಂಬ ಎಚ್ಚರಿಕೆಯೂ ಇದೆ. ಯುನಿಕೋಡ್ ಎಂದರೆ ಕನ್ನಡಕ್ಕೆ ಒಳ್ಳೆಯದೇ ತಾನೆ ಎಂದು ಟಿಕ್ ಹಾಕಿದರೆ, ಆಸ್ಕಿ ಫಾಂಟುಗಳು ನೆಚ್ಚಿಕೊಂಡಿರುವ ಹಳೆಯ ಪಶ್ಚಿಮ ಯುರೋಪಿನ ಸಂಕೇತಪಟ್ಟಿಯೇ ಕೆಳಗಿನಿಂದ ಜಾರಿಹೋಗುತ್ತದೆ. ಟಿಕ್ ತೆಗೆದು ರೀಸ್ಟಾರ್ಟ್ ಮಾಡಬೇಕು.

ಡಾಂಗಲಿನದು ಮಾತ್ರ ಅಷ್ಟು ಸುಲಭವಲ್ಲ. ಹಳೆಯ ಬೀಗದ ಡ್ರೈವರನ್ನು 64 ಬಿಟ್ ವಿಂಡೋಸ್ ಒಳಗೇ ಬಿಡುವುದಿಲ್ಲ, ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲುಗಾರ ಇನ್ನೂ ಬಿಗಿ. ಕಾವಲನ್ನು ತೆಗೆಯಬಹುದು, ಆದರೆ ಬ್ಯಾಂಕು, ಜಿಎಸ್‌ಟಿ ಎಲ್ಲ ನಡೆಸುವ ಕಂಪ್ಯೂಟರಿನಲ್ಲಿ ಅದನ್ನು ತೆಗೆಯಿರಿ ಎಂದು ನಾನಂತೂ ಹೇಳಲಾರೆ. ಫಾಂಟು ತಯಾರಿಸಿದವರಿಂದ ಹೊಸ ಆವೃತ್ತಿ ಕೊಳ್ಳುವುದೇ ನೇರ ದಾರಿ.

ಇದೆಲ್ಲ ಒಲಿಯದಿದ್ದರೆ ಅಪ್‌ಗ್ರೇಡ್ ಆದ 10 ದಿನಗಳೊಳಗೆ ‘ಹಿಂದಕ್ಕೆ ಹೋಗು’ ಎಂಬ ಅವಕಾಶವಿದೆ. ಹಳೆಯ ವಿಂಡೋಸ್ ಇಡಿಯಾಗಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಕಾದಿರುತ್ತದೆ. ಜಾಗ ಬಹಳ ತಿನ್ನುತ್ತದೆಂದು ರಿಪೇರಿಯವರು ಅದನ್ನೇ ಮೊದಲು ಕ್ಲೀನ್ ಮಾಡುತ್ತಾರೆ, ಸೇವೆಯೆಂದು ತಿಳಿದು. ಕೊಡುವಾಗಲೇ ಹೇಳಿಬಿಡಿ, ಅದನ್ನು ಮುಟ್ಟಬೇಡಿ ಎಂದು.

ಡಿ ಡ್ರೈವ್ ಎಂಬ ನಂಬಿಕೆ

ಅಂಗಡಿಗಳಲ್ಲಿ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ.

“ಡೇಟಾ ಏನಾದ್ರೂ ಇದ್ಯಾ ಅಣ್ಣ?”

“ಎಲ್ಲ ಡಿಯಲ್ಲಿದೆ ಕಣಪ್ಪ, ನೀನು ಸಿ ಹೊಡಿ.”

“ಫಾಂಟು?”

“ಫಾಂಟಾ... ಅವು ಡಿಯಲ್ಲಿ ಇರಲ್ವಾ?”

ಇರುವುದಿಲ್ಲ. ಫಾಂಟುಗಳು ಸಿಯಲ್ಲಿ, ನುಡಿಯ ಸೆಟ್ಟಿಂಗು ಸಿಯಲ್ಲಿ, ಕೋರೆಲ್ಲಿನ ಬಣ್ಣದ ಪಟ್ಟಿ, ಪೇಜ್‌ಮೇಕರಿನ ಪ್ರಿಂಟರ್ ಕಡತ, ಡೆಸ್ಕ್‌ಟಾಪಿನ ಮೇಲೆ ‘ಅರ್ಜೆಂಟ್’ ಎಂದು ಹೆಸರಿಟ್ಟ ಫೋಲ್ಡರು ಎಲ್ಲವೂ ಸಿಯಲ್ಲಿ. ಅಲ್ಲದೆ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಹೋಳು. ಡಿಸ್ಕ್ ಕೈಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಯುಇಎಫ್‌ಐಗೆಂದು ಡಿಸ್ಕಿನ ನಕ್ಷೆಯನ್ನೇ ಬದಲಿಸುವ ಅವಸರದಲ್ಲಿ ‘ಎಲ್ಲ ಪಾರ್ಟಿಷನ್ ಡಿಲೀಟ್’ ಕೊಟ್ಟು ಡಿಯನ್ನೂ ಕಳೆದುಕೊಳ್ಳುವುದುಂಟು.

ಅಪ್‌ಡೇಟ್ ತಾನೇ ಫೈಲು ಅಳಿಸಿದ ಉದಾಹರಣೆಯೂ ಇದೆ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನು ಅಳಿಸಿಹಾಕಿತು. ಆ ಫೋಲ್ಡರನ್ನು ಬೇರೆ ಡ್ರೈವಿಗೆ ಸ್ಥಳಾಂತರಿಸಿದವರ ಹಳೆಯ ಜಾಗವನ್ನು ‘ಖಾಲಿ’ ಎಂದು ಅದು ಭಾವಿಸಿತ್ತು. ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು ನವೆಂಬರಿನಲ್ಲಿ ಮತ್ತೆ ಬಿಟ್ಟರು. ಡಾಕ್ಯುಮೆಂಟ್ಸನ್ನು ಡಿಗೆ ಸರಿಸುವುದು ನಮ್ಮಲ್ಲಿ ಎಷ್ಟು ಮಂದಿಗೆ ಅಭ್ಯಾಸ ಎಂದು ನೆನೆದರೆ ಸಣ್ಣಗೆ ನಡುಕ ಬರುತ್ತದೆ.

ಹಾಗೆಯೇ ಫಾರ್ಮ್ಯಾಟ್ ಬೇಡವೆನ್ನಲು ಜಗತ್ತಿನ ದೊಡ್ಡ ಉದಾಹರಣೆ 2024ರ ಜುಲೈ 19ರದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಫೈಲು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನೀಲಿ ಪರದೆಗೆ ತಳ್ಳಿತು. ಬೆಂಗಳೂರು ವಿಮಾನ ನಿಲ್ದಾಣವೂ ಸೇರಿ ದೇಶದ ಹಲವೆಡೆ ವಿಮಾನಯಾನ ಕಂಪನಿಗಳ ಚೆಕ್ ಇನ್ ಕೈಬರಹಕ್ಕೆ ಇಳಿಯಿತು. ಪರಿಹಾರ? ಸೇಫ್ ಮೋಡಿಗೆ ಹೋಗಿ ಒಂದೇ ಒಂದು ಫೈಲು ಅಳಿಸುವುದು. ಬೇಸರದ ಕೆಲಸ, ಯಂತ್ರ ಯಂತ್ರಕ್ಕೂ ಕೂತು ಮಾಡಬೇಕಿತ್ತು. ಆದರೆ ಅಷ್ಟೇ ಸಾಕಾಯಿತು.

ನನ್ನ ಅಂದಾಜಿನಲ್ಲಿ ಅಂಗಡಿಯವರಿಗೆ ಅತ್ಯಂತ ಅಗ್ಗದ ವಿಮೆ ಹೊಸದೊಂದು ಎಸ್‌ಎಸ್‌ಡಿ. ಹಳೆಯ ಡಿಸ್ಕನ್ನು ಬಿಚ್ಚಿ, ಮೇಲೆ ತಾರೀಖು ಬರೆದು, ಬೀರುವಿನಲ್ಲಿಡಿ. ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11 ಹಾಕಿ ಏನು ಬೇಕಾದರೂ ಪ್ರಯೋಗ ಮಾಡಿ. ಎಡವಿದರೆ ಸ್ಕ್ರೂಡ್ರೈವರ್ ತೆಗೆದು ಹಳೆಯದನ್ನು ಸಿಕ್ಕಿಸಿದರೆ ಅರ್ಧ ಗಂಟೆಯಲ್ಲಿ ಅಂಗಡಿ ಮತ್ತೆ ಶುರು.

ಬಸವೇಶ್ವರನಗರ, ಸಿದ್ದಯ್ಯ ಪುರಾಣಿಕ ರಸ್ತೆಯ ಆಸುಪಾಸಿನ ಮನೆಗಳಲ್ಲಿ ಸಮಸ್ಯೆ ಇನ್ನೊಂದು ಥರ. ನಿವೃತ್ತ ದಂಪತಿ, ಮಕ್ಕಳು ಅಮೆರಿಕದಲ್ಲಿ, ಅವರು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಪಿಂಚಣಿ, ಬ್ಯಾಂಕು, ವಿಡಿಯೊ ಕಾಲ್. ಅಪ್‌ಗ್ರೇಡ್ ನಿಂತಾಗ ಅವರು ಗೂಗಲ್ ಮಾಡಿ ‘ಮೈಕ್ರೋಸಾಫ್ಟ್ ಸಹಾಯವಾಣಿ’ ಹುಡುಕುತ್ತಾರೆ. ಸಿಗುವ ನಂಬರುಗಳಲ್ಲಿ ವಂಚಕರವೂ ಇರುತ್ತವೆ. 2023ರ ಅಕ್ಟೋಬರಿನಲ್ಲಿ ಸಿಬಿಐ ದೇಶದ 76 ಕಡೆ ನಡೆಸಿದ ‘ಆಪರೇಷನ್ ಚಕ್ರ–2’ ದಾಳಿಗಳ ಹಿಂದೆ, ತಮ್ಮ ಹೆಸರಿನಲ್ಲಿ ಇಂಥ ಸುಳ್ಳು ಸಹಾಯ ನೀಡುವವರ ಬಗ್ಗೆ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಇದ್ದವು. ನಿಜವಾದ ವಿಂಡೋಸ್ ದೋಷದ ಪರದೆ ಎಂದೂ ಫೋನ್ ನಂಬರ್ ಕೊಟ್ಟು ಕರೆ ಮಾಡಿ ಎನ್ನುವುದಿಲ್ಲ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು, ಮಗನಿಗೆ ಹೇಳಲು ನಾಚಿಕೆಪಟ್ಟು ಸಂಜೆಯವರೆಗೆ ಕಾಯಬಾರದು.

ಹಾಗಾದರೆ ಮುಂದೆ?

ಅಪ್‌ಗ್ರೇಡ್ ಆಗದ ಕಂಪ್ಯೂಟರುಗಳು ಜಗತ್ತಿನಲ್ಲಿ ಸುಮಾರು 24 ಕೋಟಿ ಇದ್ದಾವು ಎಂದು ಕೆನಾಲಿಸ್ ಎಂಬ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತ್ತು. ಅಷ್ಟನ್ನೂ ಗುಜರಿಗೆ ಹಾಕುವುದು ಹುಚ್ಚುತನ. ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲಿರುವವರು ಮನೆಬಳಕೆಯ ಕಂಪ್ಯೂಟರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಆನ್ ಮಾಡಿದರೆ ಉಚಿತ, ಇಲ್ಲವಾದರೆ 30 ಡಾಲರ್. ಅದು ನಡೆಯುವುದು 2026ರ ಅಕ್ಟೋಬರ್ 13ರವರೆಗೆ.

ಲಿನಕ್ಸ್‌ ಬಗ್ಗೆ ಮಾತಾಡಿದರೆ ಡಿಟಿಪಿಯವರು ನಗುತ್ತಾರೆ. ಪೇಜ್‌ಮೇಕರ್ ಅಲ್ಲಿ ಸಲೀಸಾಗಿ ನಡೆಯುವುದಿಲ್ಲ, ನಗು ನ್ಯಾಯವೇ. ಆದರೆ ಯುನಿಕೋಡಿನಲ್ಲೇ ಬರೆಯುವ ಮನೆ, ಶಾಲೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಿ ನೋಡಿ. ಕೇರಳದ ಶಾಲಾ ಐಟಿ ಪಾಠ ಬಹಳ ವರ್ಷಗಳಿಂದ ಲಿನಕ್ಸ್ ಮೇಲೇ ನಡೆಯುತ್ತಿದೆ. ವಿಂಡೋಸ್ 10ರ ಗಡುವು ಅವರ ಪಾಲಿಗೆ ಒಂದು ಸುದ್ದಿ ಮಾತ್ರ.

ಡಿಟಿಪಿ ಅಂಗಡಿಗೆ ನಾನು ಹೇಳುವುದು ಎರಡು ಕಂಪ್ಯೂಟರ್. ಹಳೆಯದರ ಇಂಟರ್ನೆಟ್ ವೈರ್ ಕಿತ್ತುಹಾಕಿ, ಪೇಜ್‌ಮೇಕರ್, ಡಾಂಗಲ್, ಆಸ್ಕಿ ಫಾಂಟು ಎಲ್ಲ ಹಾಗೇ ಅದರಲ್ಲಿರಲಿ. ಮೇಲ್, ವಾಟ್ಸಾಪು, ಬ್ಯಾಂಕಿಗೆ ಹೊಸದು. ಜಾಗವಿಲ್ಲದಿದ್ದರೆ ಹೊಸದರ ಒಳಗೇ ವರ್ಚುವಲ್ ಬಾಕ್ಸಿನಲ್ಲಿ ಹಳೆಯ ವಿಂಡೋಸನ್ನು ಕೂರಿಸಬಹುದು, ಅದಕ್ಕೆ ರ್‍ಯಾಮ್ ಎಂಟು ಜಿಬಿಗಿಂತ ಹೆಚ್ಚಿರಬೇಕು.

ಮತ್ತೆ ಹಳೆಯ ಫೈಲುಗಳು. ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರಿನ ಫೈಲುಗಳನ್ನು ತೆರೆಯುತ್ತಿತ್ತು, 2013ರಿಂದ ಈಚಿನವು ತೆರೆಯುವುದಿಲ್ಲ. ಹಾಗಾಗಿ ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಎಲ್ಲವನ್ನೂ ಪಿಡಿಎಫ್ ಮಾಡಿಡಬೇಕು. ಮತ್ತೆ ಮತ್ತೆ ತಿದ್ದಬೇಕಾದ ಕ್ರಯಪತ್ರದ ನಮೂನೆ, ಲಗ್ನಪತ್ರಿಕೆಯ ಒಕ್ಕಣೆ ಇಂಥವನ್ನು ಪರಿವರ್ತಕದಿಂದ ಯುನಿಕೋಡಿಗೆ ತರಬೇಕು. ತಂದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಪ್ರೂಫ್ ನೋಡುವವರಂತೆ ಕೂತು ನೋಡಬೇಕು. ಕ್ರಯಪತ್ರದಲ್ಲಿ ಚಕ್ಕುಬಂದಿಯ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಆಮೇಲೆ ತಿದ್ದುಪಡಿ ಪತ್ರದ ಖರ್ಚು.

“ಇದನ್ನೆಲ್ಲ ಯಾವಾಗ ಮಾಡ್ಲಿ ಸಾರ್, ಗಿರಾಕಿ ನೋಡ್ಲಾ, ಇದ್ ನೋಡ್ಲಾ?” ಎಂಬುದು ನ್ಯಾಯವಾದ ಪ್ರಶ್ನೆ. ಪಂಚಾಂಗ ನೋಡಿದರೆ ಉತ್ತರವಿದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಜುಲೈ ನಡುವಿನಿಂದ ಆಷಾಢ. ಎರಡರಲ್ಲೂ ಮದುವೆಗಳಿಲ್ಲ, ಲಗ್ನಪತ್ರಿಕೆಯ ಗಿರಾಕಿಗಳೂ ಇಲ್ಲ.